ನರಾವೇಗ

ನರಕೋಶದ ಹೊರಪೊರೆಯ ಗುಂಟ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವ ಕ್ಷಣಮಾತ್ರದ ವಿದ್ಯುತ್ ಏರಿಳಿತಕ್ಕೆ ನರಾವೇಗವೆಂದು ಹೆಸರು. ಪೊರೆಯ ಯಾವುದೇ ಒಂದು ಜಾಗದಲ್ಲಿ ಅದು ಇರುವುದು ಸುಮಾರು ಒಂದು ಮಿಲಿಸೆಕೆಂಡ್. ಅಷ್ಟರಲ್ಲಿ ಕೋಶದ ಒಳಬದಿಯ ವಿಭವ ಋಣದಿಂದ ಧನಕ್ಕೆ ಏರಿ ಮತ್ತೆ ಋಣಕ್ಕೆ ಇಳಿದಿರುತ್ತದೆ. ಕಿವಿಗೆ ಬಿದ್ದ ಸದ್ದು, ಕಾಲಿಗೆ ಚುಚ್ಚಿದ ಮುಳ್ಳು, ಕೈ ಎತ್ತಬೇಕೆಂಬ ಇಚ್ಛೆ ಎಲ್ಲವೂ ದೇಹದೊಳಗೆ ದೂರ ಸಾಗಬೇಕಾದಾಗ ಈ ಒಂದೇ ರೂಪವನ್ನು ತಾಳುತ್ತವೆ.

ವಿದ್ಯುತ್ ಸಂಕೇತವೆಂದು ಕರೆದರೂ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ತಾಮ್ರದ ತಂತಿಯಲ್ಲಿ ಇಲೆಕ್ಟ್ರಾನುಗಳು ತಂತಿಯ ಉದ್ದಕ್ಕೇ ಚಲಿಸುತ್ತವೆ; ಅವನ್ನು ದೂಡುವ ಶಕ್ತಿ ಬ್ಯಾಟರಿಯಿಂದಲೋ ಜನರೇಟರಿನಿಂದಲೋ ಬರುತ್ತದೆ. ನರದಲ್ಲಿ ಚಲಿಸುವುದು ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು. ಅವು ದಾಟುವುದು ಸಂಕೇತ ಸಾಗುವ ದಿಕ್ಕಿಗೆ ಅಡ್ಡಲಾಗಿ: ಪೊರೆಯ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ. ಈ ದಾಟುವಿಕೆ ಒಂದು ಜಾಗದಲ್ಲಿ ನಡೆದು ಪಕ್ಕದ ಜಾಗದಲ್ಲೂ ಅದನ್ನೇ ಹುಟ್ಟಿಸುತ್ತದೆ. ಅದಕ್ಕೆ ಬೇಕಾದ ಶಕ್ತಿ ಪ್ರತಿ ಜಾಗದಲ್ಲೂ ಮೊದಲೇ ಕೂಡಿಟ್ಟದ್ದಾಗಿರುತ್ತದೆ. ನರಾವೇಗವು ತಂತಿಯ ಸಂಕೇತಕ್ಕಿಂತ ಲಕ್ಷಾಂತರ ಪಟ್ಟು ನಿಧಾನವಾಗಿರುವುದಕ್ಕೂ, ಒಂದು ಮೀಟರ್ ಸಾಗಿದ ಮೇಲೂ ಅದರ ಎತ್ತರ ಕುಗ್ಗದಿರುವುದಕ್ಕೂ ಇದೇ ಕಾರಣ.

ಕಪ್ಪೆಯ ಕಾಲಿನಿಂದ ಪೊರೆಯ ಸಿದ್ಧಾಂತಕ್ಕೆ

ಇಟಲಿಯ ಬೊಲೊನ್ಯಾ ನಗರದ ವೈದ್ಯ ಲುಯಿಜಿ ಗಾಲ್ವಾನಿ, ಸತ್ತ ಕಪ್ಪೆಯ ನರಕ್ಕೆ ಲೋಹ ತಾಗಿಸಿದಾಗ ಅದರ ಕಾಲು ಅದುರುವುದನ್ನು ಕಂಡು, ಪ್ರಾಣಿಯ ದೇಹದಲ್ಲೇ ವಿದ್ಯುತ್ ಇದೆಯೆಂದು 1791ರಲ್ಲಿ ಪ್ರಕಟಿಸಿದ. ಅಲೆಸ್ಸಾಂಡ್ರೊ ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟಿದ್ದು ಎರಡು ಬೇರೆ ಲೋಹಗಳು ಕೂಡಿದ್ದರಿಂದ, ಕಪ್ಪೆಯ ಕಾಲು ಅದನ್ನು ತೋರಿಸಿಕೊಟ್ಟಿತಷ್ಟೇ ಎಂಬುದು ಅವನ ವಾದ. ಅದೇ ವಾದದ ಬೆನ್ನು ಹಿಡಿದು ಅವನು 1800ರಲ್ಲಿ ಮೊದಲ ಬ್ಯಾಟರಿಯನ್ನು ಮಾಡಿದ. ಇಬ್ಬರದೂ ಅರ್ಧ ಸರಿ. ಲೋಹಗಳು ವಿದ್ಯುತ್ತನ್ನು ಹುಟ್ಟಿಸಿದ್ದು ನಿಜ. ನರದಲ್ಲಿ ಅದರದೇ ಆದ ವಿದ್ಯುತ್ ಇರುವುದೂ ನಿಜ. ಎರಡನೆಯದನ್ನು ಸಾಧಿಸಲು ಅರ್ಧ ಶತಮಾನ ಕಾಯಬೇಕಾಯಿತು. 1840ರ ದಶಕದಲ್ಲಿ ಬರ್ಲಿನ್ನಿನ ಎಮಿಲ್ ದು ಬುವಾ-ರೇಮಾಂ ಬಹು ಸೂಕ್ಷ್ಮವಾದ ಗ್ಯಾಲ್ವನೋಮೀಟರನ್ನು ತಾನೇ ಕಟ್ಟಿ, ನರ ಉದ್ರೇಕಗೊಂಡಾಗ ಅದರ ವಿದ್ಯುತ್ ಸ್ಥಿತಿ ಬದಲಾಗುವುದನ್ನು ಅಳೆದು ತೋರಿಸಿದ.

ಆ ಕಾಲದ ಬಹಳ ಮಂದಿ ನರದ ಸಂದೇಶ ಅಳತೆಗೆ ಸಿಗದಷ್ಟು ವೇಗವಾದದ್ದೆಂದು ನಂಬಿದ್ದರು. ಜರ್ಮನಿಯ ಪ್ರಖ್ಯಾತ ಶರೀರಕ್ರಿಯಾ ವಿಜ್ಞಾನಿ ಯೊಹಾನೆಸ್ ಮ್ಯುಲ್ಲರನೂ ಅವರಲ್ಲೊಬ್ಬ. ಅವನ ಶಿಷ್ಯನೇ ಆದ ಹೆರ್ಮಾನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಆ ವೇಗವನ್ನು ಅಳೆದ. ಅವನ ವಿಧಾನ ಸರಳ. ಕಪ್ಪೆಯ ನರವನ್ನು ಸ್ನಾಯುವಿನ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ ಕೆರಳಿಸಿ, ಸ್ನಾಯು ಎಷ್ಟು ತಡವಾಗಿ ಸಂಕುಚಿಸುತ್ತದೆಂದು ನೋಡಿದರೆ ನಡುವಿನ ಅಂತರಕ್ಕೆ ತಗುಲಿದ ಸಮಯ ಸಿಗುತ್ತದೆ. ಬಂದ ಉತ್ತರ ಸೆಕೆಂಡಿಗೆ 30 ಮೀಟರಿನ ಆಸುಪಾಸು. ಸದ್ದಿನ ವೇಗದ ಹತ್ತನೇ ಒಂದು ಭಾಗವೂ ಅಲ್ಲದ ಈ ಅಂಕಿ ಅಂದಿನವರಿಗೆ ಆಘಾತವನ್ನೇ ತಂದಿತು. ಇಚ್ಛೆಗೂ ಕ್ರಿಯೆಗೂ ನಡುವೆ ಅಳೆಯಬಹುದಾದ ಅಂತರವಿದೆ ಎಂದಾಯಿತಲ್ಲ.

ದು ಬುವಾ-ರೇಮಾಂನ ಶಿಷ್ಯ ಯೂಲಿಯುಸ್ ಬರ್ನ್‌ಸ್ಟೈನ್ 1868ರಲ್ಲಿ ಈ ಏರಿಳಿತದ ಕಾಲಾವಧಿಯನ್ನು ಅಳೆದ. 1902ರಲ್ಲಿ ಅವನೇ ಅದಕ್ಕೊಂದು ವಿವರಣೆ ಕೊಟ್ಟ: ವಿಶ್ರಾಂತಿಯಲ್ಲಿ ಕೋಶಪೊರೆ ಪೊಟ್ಯಾಸಿಯಂ ಅಯಾನುಗಳನ್ನು ಮಾತ್ರ ಬಿಟ್ಟುಕೊಡುತ್ತದೆ, ಆವೇಗ ಹಾಯುವಾಗ ಆ ಆಯ್ಕೆ ಕ್ಷಣಕಾಲ ಸಡಿಲಿ, ಪೊರೆಯ ಎರಡು ಬದಿಗಳ ವಿಭವಾಂತರ ಸೊನ್ನೆಗೆ ಕುಸಿಯುತ್ತದೆ. ಮೊದಲ ಭಾಗ ಬಹುಮಟ್ಟಿಗೆ ಇಂದಿಗೂ ನಿಂತಿದೆ. ಎರಡನೆಯ ಭಾಗದಲ್ಲಿನ ತಪ್ಪು ಬಯಲಾದದ್ದು 37 ವರ್ಷಗಳ ನಂತರ.

ನರಕೋಶದ ರಚನೆ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಆಕಾರ ನಾನಾ ಬಗೆಯಾದರೂ ಹೆಚ್ಚಿನವಕ್ಕೆ ಮೂರು ಭಾಗಗಳಿರುತ್ತವೆ: ಕೋಶಕೇಂದ್ರವಿರುವ ಕೋಶಕಾಯ, ಅದರಿಂದ ಕವಲೊಡೆದು ಇತರ ಕೋಶಗಳ ಸಂದೇಶ ಪಡೆಯುವ ಡೆಂಡ್ರೈಟುಗಳು, ಮತ್ತು ಸಂದೇಶವನ್ನು ಹೊರಗೊಯ್ಯುವ ಒಂದೇ ಒಂದು ಆಕ್ಸಾನ್. ಆಕ್ಸಾನಿನ ದಪ್ಪ ಮಿಲಿಮೀಟರಿನ ಸಾವಿರದ ಕೆಲವು ಭಾಗ ಮಾತ್ರ. ಉದ್ದ ಮಾತ್ರ ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಇರಬಹುದು. ಆಕ್ಸಾನು ಕೋಶಕಾಯದಿಂದ ಹೊರಡುವ ಆರಂಭದ ತುಣುಕು ಬಹಳ ಮುಖ್ಯವಾದದ್ದು; ನರಾವೇಗ ಸಾಮಾನ್ಯವಾಗಿ ಹುಟ್ಟುವುದು ಅಲ್ಲೇ.

ನರಕೋಶಗಳು ಒಂದಕ್ಕೊಂದು ಕೂಡಿಕೊಂಡ ಬಲೆಯಲ್ಲ, ಪ್ರತಿಯೊಂದೂ ಬೇರೆಬೇರೆ ಘಟಕ ಎಂಬುದನ್ನು ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ 19ನೇ ಶತಮಾನದ ಕೊನೆಯಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಿಂದ ಪ್ರತಿಪಾದಿಸಿದ. ಅವನು ಬಳಸಿದ ಬಣ್ಣಗಟ್ಟುವ ವಿಧಾನ ಇಟಲಿಯ ಕಾಮಿಲೊ ಗಾಲ್ಜಿಯದು. ಗಾಲ್ಜಿ ಕೊನೆಯವರೆಗೂ ಬಲೆಯ ವಾದವನ್ನೇ ಹಿಡಿದಿದ್ದ. 1906ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಇವರಿಬ್ಬರೂ ಪ್ರಶಸ್ತಿ ಭಾಷಣಗಳಲ್ಲೇ ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ಮಂಡಿಸಿದರು.

ವಿಶ್ರಾಂತ ವಿಭವ

ಯಾವ ಸಂಕೇತವೂ ಇಲ್ಲದ ಹೊತ್ತಿನಲ್ಲಿ ನರಕೋಶದ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಇದು ವಿಶ್ರಾಂತ ವಿಭವ. ಅಂಕಿ ಸಣ್ಣದಾಗಿ ಕಾಣುತ್ತದೆ. ಆದರೆ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್ ಮಾತ್ರ ಎಂಬುದನ್ನು ನೆನೆದರೆ ಪೊರೆಯೊಳಗಿನ ವಿದ್ಯುತ್ ಕ್ಷೇತ್ರದ ತೀವ್ರತೆ ಮೀಟರಿಗೆ ಒಂದು ಕೋಟಿ ವೋಲ್ಟನ್ನೂ ಮೀರುತ್ತದೆ. ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಪೊರೆಯಲ್ಲಿ ಹುದುಗಿದ ಪ್ರೋಟೀನುಗಳು ಕೆಲವೇ ಮಿಲಿವೋಲ್ಟಿನ ಬದಲಾವಣೆಗೆ ಆಕಾರ ಬದಲಿಸುವುದು ಇಂತಹ ತೀವ್ರ ಕ್ಷೇತ್ರದಲ್ಲಿ ಅವು ಇರುವುದರಿಂದಲೇ.

ಈ ವಿಭವದ ಮೂಲ ಅಯಾನುಗಳ ಹಂಚಿಕೆಯಲ್ಲಿದೆ. ಸ್ತನಿಗಳ ನರಕೋಶದೊಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್ ಪೊಟ್ಯಾಸಿಯಂ ಇದ್ದರೆ ಹೊರಗೆ ಬರೀ 4-5. ಸೋಡಿಯಂ ತದ್ವಿರುದ್ಧ: ಹೊರಗೆ 145, ಒಳಗೆ ಸುಮಾರು 12. ಹೊರಗಿನ ದ್ರವ ಉಪ್ಪುನೀರನ್ನು ಹೋಲುವುದಕ್ಕೆ ಜೀವಿಗಳು ಕಡಲಿನಲ್ಲಿ ಹುಟ್ಟಿಬಂದದ್ದೇ ಕಾರಣವೆಂದು ಹೇಳುವುದುಂಟು.

ಕೋಶಪೊರೆ ಕೊಬ್ಬಿನ ಅಣುಗಳ ಎರಡು ಪದರ. ವಿದ್ಯುದಾವೇಶವುಳ್ಳ ಅಯಾನು ತಾನಾಗಿ ಅದನ್ನು ದಾಟಲಾರದು. ಪ್ರೋಟೀನಿನ ನಾಳಗಳ ಮೂಲಕವೇ ಹಾಯಬೇಕು. ವಿಶ್ರಾಂತಿಯಲ್ಲಿ ತೆರೆದಿರುವ ನಾಳಗಳಲ್ಲಿ ಹೆಚ್ಚಿನವು ಪೊಟ್ಯಾಸಿಯಂ ನಾಳಗಳು. ಒಳಗೆ ಕಿಕ್ಕಿರಿದ ಪೊಟ್ಯಾಸಿಯಂ ವಿಸರಣೆಯಿಂದ ಹೊರಗೆ ಸೋರುತ್ತದೆ. ಪ್ರತಿಯೊಂದು ಅಯಾನೂ ಒಂದು ಧನ ಆವೇಶವನ್ನು ಹೊತ್ತೊಯ್ಯುವುದರಿಂದ ಒಳಬದಿ ಹೆಚ್ಚುಹೆಚ್ಚು ಋಣವಾಗುತ್ತ ಹೋಗಿ, ಆ ಋಣ ಆವೇಶವೇ ಪೊಟ್ಯಾಸಿಯಮ್ಮನ್ನು ಹಿಂದಕ್ಕೆ ಸೆಳೆಯತೊಡಗುತ್ತದೆ. ಸೋರಿಕೆಯೂ ಸೆಳೆತವೂ ಸರಿತೂಗುವ ವಿಭವವನ್ನು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1880ರ ದಶಕದ ಕೊನೆಗೆ ರೂಪಿಸಿದ ಸೂತ್ರದಿಂದ ಲೆಕ್ಕ ಹಾಕಬಹುದು. ಮೇಲಿನ ಅಂಕಿಗಳಿಗೆ ದೇಹದ ಉಷ್ಣತೆಯಲ್ಲಿ ಪೊಟ್ಯಾಸಿಯಮ್ಮಿನ ಸಮತೋಲ ವಿಭವ ಸುಮಾರು ಋಣ 90 ಮಿಲಿವೋಲ್ಟ್. ಸೋಡಿಯಮ್ಮಿನದು ಸುಮಾರು ಧನ 65. ವಿಶ್ರಾಂತ ಪೊರೆ ಅಲ್ಪಸ್ವಲ್ಪ ಸೋಡಿಯಮ್ಮನ್ನೂ ಬಿಟ್ಟುಕೊಳ್ಳುವುದರಿಂದ ಅದರ ವಿಭವ ಋಣ 90ರಲ್ಲಿ ನಿಲ್ಲದೆ ಋಣ 70ರ ಹತ್ತಿರ ನಿಲ್ಲುತ್ತದೆ. ಮೂತ್ರಪಿಂಡದ ರೋಗಿಗಳ ರಕ್ತದಲ್ಲಿ ಪೊಟ್ಯಾಸಿಯಂ ಮಟ್ಟವನ್ನು ವೈದ್ಯರು ಪದೇಪದೇ ನೋಡುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಹೊರಗಿನ ಪೊಟ್ಯಾಸಿಯಂ ಹೆಚ್ಚಿದರೆ ಸೋರಿಕೆ ಕುಗ್ಗಿ, ನರ ಮತ್ತು ಹೃದಯದ ಕೋಶಗಳ ವಿಶ್ರಾಂತ ವಿಭವವೇ ಕೆಡುತ್ತದೆ. ಹೃದಯದ ಬಡಿತ ತಪ್ಪಬಹುದು.

ಸೋರಿಕೆ ಎಡೆಬಿಡದೆ ನಡೆಯುತ್ತಿದ್ದರೆ ಅಯಾನುಗಳ ಅಸಮ ಹಂಚಿಕೆ ಕ್ರಮೇಣ ಅಳಿಯಬೇಕು. ಹಾಗಾಗದಂತೆ ತಡೆಯುವುದು ಸೋಡಿಯಂ-ಪೊಟ್ಯಾಸಿಯಂ ಪಂಪು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಇದನ್ನು ಗುರುತಿಸಿ 1957ರಲ್ಲಿ ಪ್ರಕಟಿಸಿದ; 1997ರಲ್ಲಿ ಅವನಿಗೆ ನೊಬೆಲ್ ಬಂತು. ಈ ಪ್ರೋಟೀನು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಒಂದು ಅಣುವನ್ನು ಒಡೆದು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಮ್ಮನ್ನು ಒಳಗೆ ತರುತ್ತದೆ. ದೇಹದ ತೂಕದ ನೂರಕ್ಕೆ ಎರಡು ಭಾಗದಷ್ಟಿರುವ ಮಿದುಳು ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯ ಸುಮಾರು ಐದನೇ ಒಂದು ಭಾಗವನ್ನು ತಾನೇ ಬಳಸುತ್ತದೆ. ಅದರ ದೊಡ್ಡ ಪಾಲು ಹೋಗುವುದು ಈ ಪಂಪುಗಳಿಗೆ.

ಕ್ರಿಯಾ ವಿಭವ

ನರಾವೇಗದ ಗುಟ್ಟು ಬಿಟ್ಟುಕೊಟ್ಟ ಪ್ರಾಣಿ ಸ್ಕ್ವಿಡ್, ನಮ್ಮ ಕರಾವಳಿಯವರ ಬೊಂಡಾಸ್. ಅಪಾಯ ಎದುರಾದಾಗ ಅದು ದೇಹದ ಚೀಲವನ್ನು ಸಂಕುಚಿಸಿ ನೀರನ್ನು ಚಿಮ್ಮಿಸಿ ಹಿಂದಕ್ಕೆ ನೆಗೆಯುತ್ತದೆ. ಆ ಸ್ನಾಯುವಿಗೆ ಆಜ್ಞೆ ಒಯ್ಯುವ ಆಕ್ಸಾನಿನ ದಪ್ಪ ಅರ್ಧದಿಂದ ಒಂದು ಮಿಲಿಮೀಟರ್. ಮನುಷ್ಯನ ಆಕ್ಸಾನಿಗೆ ಹೋಲಿಸಿದರೆ ದೈತ್ಯ. ಇದನ್ನು ಮೊದಲು ನೋಡಿದವರು ರಕ್ತನಾಳವೆಂದೇ ತಿಳಿಯುವಂತಿತ್ತು. ಅದು ನರತಂತು ಎಂಬುದನ್ನು 1936ರಲ್ಲಿ ಜೆ. ಝಡ್. ಯಂಗ್ ಎಲ್ಲರ ಗಮನಕ್ಕೆ ತಂದ. ಅಷ್ಟು ದಪ್ಪವಿದ್ದರೆ ಒಳಕ್ಕೇ ವಿದ್ಯುದಗ್ರವನ್ನು ತೂರಿಸಬಹುದು.

1939ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಪ್ಲಿಮತ್ ಕಡಲ ಪ್ರಯೋಗಾಲಯದಲ್ಲಿ ಅಲನ್ ಹಾಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ ಅದನ್ನೇ ಮಾಡಿದರು. ಬರ್ನ್‌ಸ್ಟೈನನ ಪ್ರಕಾರ ವಿಭವ ಸೊನ್ನೆಗೆ ಬಂದು ನಿಲ್ಲಬೇಕಿತ್ತು. ಅದು ಸೊನ್ನೆಯನ್ನು ದಾಟಿ ಸುಮಾರು 40 ಮಿಲಿವೋಲ್ಟ್ ಧನಕ್ಕೆ ಏರಿತು. ಕೆಲವೇ ವಾರಗಳಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು; ವಿವರಣೆಯಿಲ್ಲದ ಪುಟ್ಟ ಟಿಪ್ಪಣಿಯೊಂದನ್ನು ಪ್ರಕಟಿಸಿ ಇಬ್ಬರೂ ಯುದ್ಧದ ಕೆಲಸಕ್ಕೆ ಹೋದರು. ವಿವರಣೆ ಬಂದದ್ದು ಯುದ್ಧ ಮುಗಿದ ಮೇಲೆ. ಹೊರಗಿನ ದ್ರವದಲ್ಲಿ ಸೋಡಿಯಂ ಕಡಿಮೆ ಮಾಡಿದಷ್ಟೂ ಆವೇಗದ ಎತ್ತರ ತಗ್ಗುತ್ತದೆಂದು ಹಾಜ್‌ಕಿನ್ ಮತ್ತು ಬರ್ನಾರ್ಡ್ ಕಾಟ್ಸ್ 1949ರಲ್ಲಿ ತೋರಿಸಿದರು. ಅಂದರೆ ಪೊರೆ ಸುಮ್ಮನೆ ಸಡಿಲಗೊಳ್ಳುವುದಿಲ್ಲ. ಕ್ಷಣಕಾಲ ಸೋಡಿಯಮ್ಮಿಗೇ ವಿಶೇಷವಾಗಿ ತೆರೆದುಕೊಂಡು ಅದರ ಸಮತೋಲ ವಿಭವದತ್ತ ನೆಗೆಯುತ್ತದೆ.

ಕ್ರಿಯಾ ವಿಭವವೆಂದು ಕರೆಯುವ ಈ ಏರಿಳಿತದ ಘಟನೆಗಳ ಕ್ರಮ ಹೀಗಿದೆ. ಯಾವುದೋ ಪ್ರಚೋದನೆಯಿಂದ ಪೊರೆಯ ವಿಭವ ಋಣ 70ರಿಂದ ಋಣ 55ರ ಹತ್ತಿರ ಬಂದರೆ ವಿಭವಕ್ಕೆ ಸ್ಪಂದಿಸುವ ಸೋಡಿಯಂ ನಾಳಗಳು ತೆರೆಯತೊಡಗುತ್ತವೆ. ಒಳಬಂದ ಸೋಡಿಯಂ ವಿಭವವನ್ನು ಇನ್ನಷ್ಟು ಏರಿಸುತ್ತದೆ. ಏರಿದ ವಿಭವ ಇನ್ನಷ್ಟು ನಾಳಗಳನ್ನು ತೆರೆಸುತ್ತದೆ. ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ ಈ ಚಕ್ರ ಮಿಲಿಸೆಕೆಂಡಿಗೂ ಕಡಿಮೆ ಸಮಯದಲ್ಲಿ ಒಳಬದಿಯನ್ನು ಧನ 30-40 ಮಿಲಿವೋಲ್ಟಿಗೆ ಕೊಂಡೊಯ್ಯುತ್ತದೆ. ಆದರೆ ಸೋಡಿಯಂ ನಾಳಗಳು ತೆರೆದ ಬೆನ್ನಲ್ಲೇ ತಾವಾಗಿ ಮುಚ್ಚಿಕೊಳ್ಳುತ್ತವೆ. ಅದೇ ಹೊತ್ತಿಗೆ, ಅದೇ ವಿಭವ ಬದಲಾವಣೆಗೆ ತುಸು ತಡವಾಗಿ ಸ್ಪಂದಿಸುವ ಪೊಟ್ಯಾಸಿಯಂ ನಾಳಗಳು ತೆರೆದು, ಪೊಟ್ಯಾಸಿಯಂ ಹೊರಹರಿದು ವಿಭವ ಕೆಳಗಿಳಿಯುತ್ತದೆ. ಇಳಿಯುವಾಗ ವಿಶ್ರಾಂತ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಹೋಗಿ ಬರುವುದು ವಾಡಿಕೆ.

ಋಣ 55ರ ಆ ಹೊಸ್ತಿಲನ್ನು ಮುಟ್ಟದ ಪ್ರಚೋದನೆ ಅಲ್ಲೇ ಅಡಗಿಹೋಗುತ್ತದೆ. ಮುಟ್ಟಿದರೆ ಪೂರ್ಣ ಆವೇಗವೇ ಹುಟ್ಟುತ್ತದೆ. ಪ್ರಚೋದನೆ ಎಷ್ಟು ಬಲವಾಗಿದ್ದರೂ ಆವೇಗದ ಎತ್ತರ ಹೆಚ್ಚುವುದಿಲ್ಲ. ಪಟಾಕಿ ಸರಕ್ಕೆ ಊದುಬತ್ತಿ ತಾಗಿಸಿದರೂ ಒಂದೇ, ಪಂಜು ಹಿಡಿದರೂ ಒಂದೇ; ಪ್ರತಿ ಪಟಾಕಿ ಸಿಡಿಯುವುದು ತನ್ನೊಳಗಿನ ಮದ್ದಿನಿಂದ, ತನ್ನ ಪಕ್ಕದ್ದಕ್ಕೆ ಕಿಡಿ ಕೊಡುವುದೂ ಅದರಿಂದಲೇ. ಆದರೆ ಸರ ಒಮ್ಮೆ ಸುಟ್ಟರೆ ಮುಗಿಯಿತು. ನರದ ಪೊರೆ ಒಂದೆರಡು ಮಿಲಿಸೆಕೆಂಡಿನಲ್ಲಿ ಮತ್ತೆ ಸಜ್ಜಾಗಿರುತ್ತದೆ.

ಒಂದು ಆವೇಗಕ್ಕೆ ದಾಟಬೇಕಾದ ಅಯಾನುಗಳ ಪ್ರಮಾಣ ಅತ್ಯಲ್ಪ. ಸ್ಕ್ವಿಡ್ಡಿನ ದೈತ್ಯ ಆಕ್ಸಾನಿನಲ್ಲಿ ಒಂದು ಆವೇಗ ಹಾದುಹೋದಾಗ ಒಳಗಿನ ಪೊಟ್ಯಾಸಿಯಮ್ಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಹೊರಹೋಗುತ್ತದೆ. ಪಂಪನ್ನು ವಿಷಹಾಕಿ ನಿಲ್ಲಿಸಿದರೂ ಅಂತಹ ಆಕ್ಸಾನು ಇನ್ನೂ ಸಾವಿರಾರು ಆವೇಗಗಳನ್ನು ಒಯ್ಯಬಲ್ಲದು. ಹಲವು ಪಠ್ಯಗಳು ಆವೇಗದ ಕೊನೆಯಲ್ಲಿ ವಿಭವವನ್ನು ಕೆಳಗಿಳಿಸುವುದು ಪಂಪಿನ ಕೆಲಸವೆಂಬ ಅಭಿಪ್ರಾಯ ಮೂಡಿಸುತ್ತವೆ, ಅದು ಸರಿಯಲ್ಲ. ಇಳಿಸುವುದು ಪೊಟ್ಯಾಸಿಯಂ ನಾಳಗಳು. ಪಂಪು ತೀರಿಸುವುದು ನಿಧಾನವಾಗಿ ಕೂಡುತ್ತ ಹೋಗುವ ಸಾಲವನ್ನು. 1961ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಸ್ಕ್ವಿಡ್ ಆಕ್ಸಾನಿನ ಒಳಗಿನ ದ್ರವ್ಯವನ್ನು ಹಿಂಡಿ ತೆಗೆದು ಪೊಟ್ಯಾಸಿಯಂ ಲವಣದ ದ್ರಾವಣ ತುಂಬಿದಾಗಲೂ ಅದು ಆವೇಗಗಳನ್ನು ಒಯ್ಯುತ್ತಲೇ ಇತ್ತು. ಪೊರೆ ಮತ್ತು ಅದರ ಎರಡು ಬದಿಯ ಅಯಾನುಗಳಷ್ಟೇ ಇದಕ್ಕೆ ಸಾಕು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಹಾಜ್‌ಕಿನ್ ಮತ್ತು ಹಕ್ಸ್‌ಲಿಯ ಮಹತ್ತರ ಕೆಲಸ 1952ರ ಲೇಖನಮಾಲೆ. ಅಮೆರಿಕದ ಕೆನೆತ್ ಕೋಲ್ ರೂಪಿಸಿದ್ದ ತಂತ್ರವನ್ನು ಬೆಳೆಸಿ, ವಿದ್ಯುನ್ಮಂಡಲದ ಸಹಾಯದಿಂದ ಪೊರೆಯ ವಿಭವವನ್ನು ಬೇಕಾದ ಮಟ್ಟದಲ್ಲಿ ಅಲುಗದಂತೆ ಹಿಡಿದು, ಆಗ ಹರಿಯುವ ಪ್ರವಾಹವನ್ನು ಅವರು ಅಳೆದರು. ವಿಭವವನ್ನು ಹಿಡಿದಿಟ್ಟರೆ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ ಚಕ್ರ ಕಡಿದುಬೀಳುತ್ತದೆ; ಒಂದೊಂದು ಹಂತವನ್ನೂ ಬಿಡಿಸಿ ನೋಡಬಹುದು. ಹೊರಗಿನ ಸೋಡಿಯಮ್ಮಿನ ಬದಲಿಗೆ ಕೋಲೀನ್ ಇಟ್ಟು ಸೋಡಿಯಂ ಪ್ರವಾಹವನ್ನೂ ಪೊಟ್ಯಾಸಿಯಂ ಪ್ರವಾಹವನ್ನೂ ಬೇರ್ಪಡಿಸಿದರು. ಆ ಅಳತೆಗಳಿಂದ ಕಟ್ಟಿದ ಸಮೀಕರಣಗಳನ್ನು ಬಿಡಿಸಲು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಆಗ ಲಭ್ಯವಿಲ್ಲದ್ದರಿಂದ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಲೆಕ್ಕ ಮಾಡಿದ. ಸಮೀಕರಣಗಳು ಮುನ್ನುಡಿದ ವೇಗ ಸೆಕೆಂಡಿಗೆ 18.8 ಮೀಟರ್, ಆಕ್ಸಾನಿನಲ್ಲಿ ಅಳೆದದ್ದು 21.2. ಆವೇಗದ ಆಕಾರ, ಹೊಸ್ತಿಲು ಎಲ್ಲವೂ ಅದೇ ಸಮೀಕರಣಗಳಿಂದ ಹೊರಬಂದವು. ಜೀವವಿಜ್ಞಾನದಲ್ಲಿ ಗಣಿತ ಇಷ್ಟು ಅಚ್ಚುಕಟ್ಟಾಗಿ ಒದಗಿದ ಸಂದರ್ಭಗಳು ವಿರಳ. 1963ರ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರು ಆಸ್ಟ್ರೇಲಿಯದ ಜಾನ್ ಎಕ್ಲ್ಸ್ ಜೊತೆ ಹಂಚಿಕೊಂಡರು.

ಅಯಾನು ನಾಳಗಳು

1952ರಲ್ಲಿ ನಾಳವೆಂಬುದು ಊಹೆ ಮಾತ್ರ. ಬಿಡಿ ನಾಳವೊಂದರ ಮೂಲಕ ಹರಿಯುವ ಪ್ರವಾಹವನ್ನು ಮೊದಲು ದಾಖಲಿಸಿದವರು ಜರ್ಮನಿಯ ಗಟ್ಟಿಂಗೆನ್‌ನಲ್ಲಿದ್ದ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮಾನ್, 1976ರಲ್ಲಿ. ನುಣುಪಾದ ಗಾಜಿನ ಸೂಕ್ಷ್ಮನಳಿಕೆಯ ತುದಿಯನ್ನು ಕೋಶದ ಮೇಲೆ ಒತ್ತಿ, ಒಂದೆರಡು ನಾಳಗಳಷ್ಟೇ ಇರುವ ಪೊರೆಯ ಚೂರನ್ನು ಉಳಿದ ಪೊರೆಯಿಂದ ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸುವುದು ಅವರ ಉಪಾಯ. ದಾಖಲೆಯಲ್ಲಿ ಪ್ರವಾಹ ಮೆಟ್ಟಿಲಿನಂತೆ ಥಟ್ಟನೆ ಏರಿ ಥಟ್ಟನೆ ಇಳಿಯುತ್ತಿತ್ತು. ನಾಳ ತೆರೆದಿರುತ್ತದೆ ಇಲ್ಲವೇ ಮುಚ್ಚಿರುತ್ತದೆ. ಅರ್ಧ ತೆರೆಯುವ ಮಾತು ಸಾಮಾನ್ಯವಾಗಿ ಇಲ್ಲ. ಹೊಸ್ತಿಲು ಮುಟ್ಟಿದ ಪೊರೆಯ ನಯವಾದ ಏರಿಕೆ ಇಂತಹ ಸಾವಿರಾರು ನಾಳಗಳ ಮೊತ್ತ.

ನಾಳದ ಇನ್ನೊಂದು ಒಗಟು ಅದರ ಆಯ್ಕೆ. ಸೋಡಿಯಂ ಅಯಾನು ಪೊಟ್ಯಾಸಿಯಮ್ಮಿಗಿಂತ ಚಿಕ್ಕದು. ಆದರೂ ಪೊಟ್ಯಾಸಿಯಂ ನಾಳ ದೊಡ್ಡದನ್ನು ಹಾಯಲು ಬಿಟ್ಟು ಚಿಕ್ಕದನ್ನು ತಡೆಯುತ್ತದೆ, ಅದೂ ಸೆಕೆಂಡಿಗೆ ಕೋಟಿಗಟ್ಟಲೆ ಅಯಾನುಗಳನ್ನು ಹಾಯಿಸುತ್ತಲೇ. 1998ರಲ್ಲಿ ಅಮೆರಿಕದ ರೋಡೆರಿಕ್ ಮೆಕಿನನ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ನಾಳವೊಂದರ ರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿದಾಗ ಉತ್ತರ ಸಿಕ್ಕಿತು. ನೀರಿನಲ್ಲಿರುವ ಅಯಾನಿನ ಸುತ್ತ ನೀರಿನ ಅಣುಗಳು ಮುತ್ತಿರುತ್ತವೆ; ನಾಳದ ಇಕ್ಕಟ್ಟಾದ ಭಾಗವನ್ನು ಹೊಗಲು ಅಯಾನು ಆ ನೀರನ್ನು ಕಳಚಬೇಕು, ಅದಕ್ಕೆ ಶಕ್ತಿ ಬೇಕು. ಪೊಟ್ಯಾಸಿಯಂ ನಾಳದ ಗೋಡೆಯಲ್ಲಿ ಆಕ್ಸಿಜನ್ ಪರಮಾಣುಗಳು ಸರಿಯಾಗಿ ಆ ನೀರಿನ ಅಣುಗಳಿದ್ದ ಅಂತರದಲ್ಲೇ ಜೋಡಣೆಗೊಂಡಿವೆ. ಪೊಟ್ಯಾಸಿಯಮ್ಮಿಗೆ ಕಳೆದುಕೊಂಡದ್ದು ಅಲ್ಲೇ ಸಿಗುತ್ತದೆ. ಚಿಕ್ಕದಾದ ಸೋಡಿಯಮ್ಮಿಗೆ ಆ ಆಕ್ಸಿಜನ್ನುಗಳು ಎಟುಕುವುದಿಲ್ಲ; ನೀರು ಬಿಟ್ಟು ಬರುವುದು ಅದಕ್ಕೆ ದುಬಾರಿ.

ವಿಭವಕ್ಕೆ ಸ್ಪಂದಿಸುವ ನಾಳಗಳಲ್ಲಿ ಧನ ಆವೇಶದ ಅಮೈನೋ ಆಮ್ಲಗಳ ಸಾಲೊಂದು ಪೊರೆಯ ನಡುವೆ ಹುದುಗಿರುತ್ತದೆ. ಒಳಬದಿಯ ಋಣತೆ ಕುಗ್ಗಿದಾಗ ಅದು ಹೊರಮುಖವಾಗಿ ಸರಿದು ನಾಳದ ಬಾಗಿಲನ್ನು ತೆರೆಯುತ್ತದೆ.

ಸಾಗಣೆ ಮತ್ತು ವೇಗ

ಒಂದು ಜಾಗದಲ್ಲಿ ಒಳಹೊಕ್ಕ ಸೋಡಿಯಮ್ಮಿನ ಧನ ಆವೇಶ ಆಕ್ಸಾನಿನೊಳಗೆ ಅಕ್ಕಪಕ್ಕಕ್ಕೆ ಹರಡುತ್ತದೆ. ಪೊರೆ ಸೋರುವುದರಿಂದಲೂ ಒಳಗಿನ ದ್ರವ ತಾಮ್ರಕ್ಕೆ ಹೋಲಿಸಿದರೆ ತೀರ ಕಳಪೆ ವಾಹಕವಾದ್ದರಿಂದಲೂ ಈ ಹರಡುವಿಕೆ ಕೆಲವು ಮಿಲಿಮೀಟರಿನೊಳಗೇ ನಂದಿಹೋಗುತ್ತದೆ. ಕಡಲಡಿಯ ಟೆಲಿಗ್ರಾಫ್ ಕೇಬಲ್ಲಿಗಾಗಿ ಲಾರ್ಡ್ ಕೆಲ್ವಿನ್ 1850ರ ದಶಕದಲ್ಲಿ ಬರೆದ ಸಮೀಕರಣಗಳೇ ಇದಕ್ಕೂ ಅನ್ವಯಿಸುತ್ತವೆ. ಕೇಬಲ್ಲಾಗಿ ನೋಡಿದರೆ ಆಕ್ಸಾನು ಕೆಲಸಕ್ಕೆ ಬಾರದ್ದು. ಆದರೆ ನಂದುವ ಮೊದಲು ಪಕ್ಕದ ಪೊರೆಯನ್ನು ಹೊಸ್ತಿಲಿಗೆ ಏರಿಸಿದರೆ ಸಾಕು, ಅಲ್ಲಿ ಹೊಸ ಆವೇಗ ಪೂರ್ಣ ಎತ್ತರದಲ್ಲಿ ಹುಟ್ಟುತ್ತದೆ. ಆವೇಗ ಹಾದುಬಂದ ಜಾಗದ ಸೋಡಿಯಂ ನಾಳಗಳು ಸುಮಾರು ಒಂದು ಮಿಲಿಸೆಕೆಂಡ್ ಕಾಲ ತೆರೆಯಲಾರದೆ ಇರುವುದರಿಂದ ಅದು ಹಿಂದಕ್ಕೆ ಮರಳುವುದಿಲ್ಲ. ಪ್ರಯೋಗದಲ್ಲಿ ಆಕ್ಸಾನಿನ ನಡುವೆ ಕೆರಳಿಸಿದರೆ ಮಾತ್ರ ಆವೇಗ ಎರಡೂ ಕಡೆಗೆ ಓಡುತ್ತದೆ.

ವೇಗ ಹೆಚ್ಚಿಸಲು ಪ್ರಾಣಿಗಳು ಕಂಡುಕೊಂಡ ದಾರಿಗಳು ಎರಡು. ಒಂದು, ಸ್ಕ್ವಿಡ್ಡಿನಂತೆ ಆಕ್ಸಾನನ್ನು ದಪ್ಪ ಮಾಡುವುದು. ಇದರಲ್ಲಿ ವೇಗ ಹೆಚ್ಚುವುದು ವ್ಯಾಸದ ವರ್ಗಮೂಲಕ್ಕೆ ಅನುಗುಣವಾಗಿ. ಅರ್ಧ ಮಿಲಿಮೀಟರಿನ ಆಕ್ಸಾನು ಸೆಕೆಂಡಿಗೆ ಸುಮಾರು 25 ಮೀಟರ್ ಕೊಟ್ಟರೆ, 100 ಮೀಟರ್ ಬೇಕಾದಾಗ ವ್ಯಾಸ ಹದಿನಾರು ಪಟ್ಟು, ಅಂದರೆ 8 ಮಿಲಿಮೀಟರ್ ಆಗಬೇಕು. ಅಂತಹ ಲಕ್ಷಾಂತರ ತಂತುಗಳನ್ನು ಬೆನ್ನುಮೂಳೆಯೊಳಗೆ ತುರುಕುವುದು ಅಸಾಧ್ಯ. ಕಶೇರುಕಗಳು ಹಿಡಿದ ದಾರಿ ಮಯಲಿನ್. ಪೋಷಕ ಕೋಶಗಳು ತಮ್ಮ ಪೊರೆಯನ್ನು ಆಕ್ಸಾನಿನ ಸುತ್ತ ಹತ್ತಾರು ಸುತ್ತು ಸುತ್ತಿ ಕೊಬ್ಬಿನ ದಪ್ಪ ಹೊದಿಕೆ ಮಾಡುತ್ತವೆ. ಸೋರಿಕೆ ನಿಲ್ಲುತ್ತದೆ, ಪೊರೆಯಲ್ಲಿ ಕೂಡಿಡಬೇಕಾದ ಆವೇಶವೂ ಇಳಿಯುತ್ತದೆ. ಸುಮಾರು ಪ್ರತಿ ಮಿಲಿಮೀಟರಿಗೊಮ್ಮೆ ಹೊದಿಕೆ ಕಡಿದು, ಒಂದೆರಡು ಮೈಕ್ರೋಮೀಟರಿನಷ್ಟು ಬರಿ ಪೊರೆ ಕಾಣುತ್ತದೆ. ಫ್ರಾನ್ಸಿನ ಲೂಯಿ ರಾನ್ವಿಯೇ 1870ರ ದಶಕದಲ್ಲಿ ವಿವರಿಸಿದ ಈ ಗಿಣ್ಣುಗಳಲ್ಲಿ ಸೋಡಿಯಂ ನಾಳಗಳು ಒತ್ತಾಗಿ ನೆರೆದಿವೆ. ಆವೇಗ ಗಿಣ್ಣಿನಿಂದ ಗಿಣ್ಣಿಗೆ ನೆಗೆಯುವಂತೆ ಸಾಗುತ್ತದೆ ಎಂಬುದನ್ನು ಜಪಾನಿನ ಇಚಿಜಿ ತಾಸಾಕಿ 1930ರ ದಶಕದ ಕೊನೆಯಲ್ಲೂ, ಹಕ್ಸ್‌ಲಿ ಮತ್ತು ಸ್ವಿಟ್ಜರ್ಲೆಂಡಿನ ರಾಬರ್ಟ್ ಸ್ಟೆಂಪ್‌ಫ್ಲಿ 1949ರಲ್ಲೂ ತೋರಿಸಿದರು. ಇಲ್ಲಿ ವೇಗ ನೇರವಾಗಿ ವ್ಯಾಸಕ್ಕೆ ಅನುಗುಣ: 20 ಮೈಕ್ರೋಮೀಟರಿನ ತಂತು ಸೆಕೆಂಡಿಗೆ 100 ಮೀಟರ್ ದಾಟುತ್ತದೆ.

ಎಲ್ಲ ತಂತುಗಳಿಗೂ ಮಯಲಿನ್ ಇಲ್ಲ. ಕಾಲ್ಬೆರಳು ಕಲ್ಲಿಗೆ ಎಡವಿದಾಗ ಮೊದಲು ಚುರುಕಾದ ನೋವು, ತುಸು ಹೊತ್ತಾದ ಮೇಲೆ ಸುಡುವಂತಹ ನೋವು ಬರುತ್ತದೆ. ಮೊದಲನೆಯದನ್ನು ತರುವುದು ತೆಳು ಮಯಲಿನ್ನಿನ, ಸೆಕೆಂಡಿಗೆ 5ರಿಂದ 30 ಮೀಟರ್ ವೇಗದ ತಂತುಗಳು. ಎರಡನೆಯದು ಮಯಲಿನ್ ಇಲ್ಲದ ತಂತುಗಳಲ್ಲಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ, ಅಂದರೆ ನಡಿಗೆಯ ವೇಗದಲ್ಲಿ, ಬರುತ್ತದೆ. ತಂಪು ಈ ಎಲ್ಲ ವೇಗಗಳನ್ನೂ ಕುಗ್ಗಿಸುತ್ತದೆ.

ಸಂಖ್ಯೆಯಲ್ಲಿರುವ ಸುದ್ದಿ

ಎಲ್ಲ ಆವೇಗಗಳೂ ಒಂದೇ ಎತ್ತರದವಾದರೆ ಮೆಲ್ಲನೆಯ ಸ್ಪರ್ಶಕ್ಕೂ ಬಲವಾದ ಒತ್ತಡಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಕೇಂಬ್ರಿಡ್ಜಿನ ಎಡ್ಗರ್ ಏಡ್ರಿಯನ್ 1926ರಲ್ಲಿ ಸ್ವೀಡನ್ನಿನ ಯುಂಗ್ವೆ ಸೊಟರ್‌ಮಾನ್ ಜೊತೆಗೂಡಿ ಕಪ್ಪೆಯ ಒಂದೇ ಸಂವೇದನಾ ತಂತುವಿನ ಆವೇಗಗಳನ್ನು ದಾಖಲಿಸಿ ಉತ್ತರ ಕಂಡ. ಸ್ನಾಯುವನ್ನು ಹೆಚ್ಚು ಎಳೆದಷ್ಟೂ ಸೆಕೆಂಡಿಗೆ ಹೆಚ್ಚು ಆವೇಗಗಳು ಬರುತ್ತಿದ್ದವು, ಎತ್ತರ ಬದಲಾಗುತ್ತಿರಲಿಲ್ಲ. ಎಳೆತವನ್ನು ಹಾಗೇ ಬಿಟ್ಟರೆ ಸಂಖ್ಯೆ ಕ್ರಮೇಣ ಇಳಿಯುತ್ತಿತ್ತು. ತೊಟ್ಟ ಬಟ್ಟೆಯ ಸ್ಪರ್ಶ ಸ್ವಲ್ಪ ಹೊತ್ತಿನಲ್ಲಿ ಅರಿವಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ಬೆಳಕು, ಸದ್ದು, ಬಿಸಿ ಇವುಗಳ ಭೇದವೂ ಆವೇಗದ ಬಗೆಯಲ್ಲಿಲ್ಲ. ಅದು ಯಾವ ತಂತುವಿನಲ್ಲಿ ಬಂತು, ಮಿದುಳಿನ ಯಾವ ಭಾಗಕ್ಕೆ ತಲುಪಿತು ಎಂಬುದರಲ್ಲಿದೆ. ಮುಚ್ಚಿದ ಕಣ್ಣನ್ನು ಒತ್ತಿದಾಗ ಬೆಳಕು ಕಾಣುವುದು ಹಾಗೆಯೇ.

ದೂರ ಹೋಗಬೇಕಿಲ್ಲದ ಕಡೆ ಆವೇಗವೇ ಬೇಕಿಲ್ಲ. ಅಕ್ಷಿಪಟಲದ ಬೆಳಕುಗ್ರಾಹಿ ಕೋಶಗಳು ಆವೇಗ ಹುಟ್ಟಿಸುವುದಿಲ್ಲ. ಬೆಳಕಿಗೆ ತಕ್ಕಂತೆ ಅವುಗಳ ವಿಭವ ಹಂತಹಂತವಾಗಿ ಬದಲಾಗುತ್ತದೆ. ಅದೂ ಬೆಳಕು ಬಿದ್ದಾಗ ಹೆಚ್ಚು ಋಣದತ್ತ.

ಸಿನಾಪ್ಸ್

ಆಕ್ಸಾನಿನ ತುದಿಗೂ ಮುಂದಿನ ಕೋಶಕ್ಕೂ ನಡುವೆ 20ರಿಂದ 40 ನ್ಯಾನೋಮೀಟರಿನ ಕಂಡಿಯಿದೆ; ಇವು ಸಂಧಿಸುವ ಈ ತಾಣವೇ ಸಿನಾಪ್ಸ್. ಕೆಲವೆಡೆ ಎರಡು ಕೋಶಗಳನ್ನು ಕೂಡಿಸುವ ಪ್ರೋಟೀನ್ ನಾಳಗಳ ಮೂಲಕ ವಿದ್ಯುತ್ತೇ ನೇರವಾಗಿ ದಾಟುತ್ತದೆ. ಹೆಚ್ಚಿನ ಕಡೆ ದಾಟುವುದು ನರಪ್ರೇಷಕವೆಂಬ ರಾಸಾಯನಿಕ. ಆಸ್ಟ್ರಿಯದ ಗ್ರಾಟ್ಸ್‌ನಲ್ಲಿ ಓಟೋ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮೊದಲ ಗಟ್ಟಿ ಆಧಾರ. ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ಕೆರಳಿಸಿ ಬಡಿತ ನಿಧಾನವಾದಾಗ ಅದನ್ನು ಮುಳುಗಿಸಿದ್ದ ದ್ರವವನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರೆ ಅದರ ಬಡಿತವೂ ನಿಧಾನವಾಯಿತು. ಆ ವಸ್ತು ಅಸಿಟೈಲ್‌ಕೋಲೀನ್ ಎಂದು ಮುಂದೆ ತಿಳಿಯಿತು.

ಆವೇಗ ತುದಿಯನ್ನು ಮುಟ್ಟಿದಾಗ ಅಲ್ಲಿನ ಕ್ಯಾಲ್ಸಿಯಂ ನಾಳಗಳು ತೆರೆಯುತ್ತವೆ. ಒಳಬಂದ ಕ್ಯಾಲ್ಸಿಯಂ, ನರಪ್ರೇಷಕ ತುಂಬಿದ ಸೂಕ್ಷ್ಮ ಕೋಶಿಕೆಗಳು ಪೊರೆಗೆ ಕೂಡಿ ಒಡೆಯುವಂತೆ ಮಾಡುತ್ತದೆ. ಕಾಟ್ಸ್ ಮತ್ತು ಸಂಗಡಿಗರು 1950ರ ದಶಕದಲ್ಲಿ ತೋರಿಸಿದಂತೆ ಬಿಡುಗಡೆ ನಡೆಯುವುದು ನಿಗದಿತ ಪ್ರಮಾಣದ ಪೊಟ್ಟಣಗಳಲ್ಲಿ. ಕಂಡಿ ದಾಟಿದ ಅಣುಗಳು ಮುಂದಿನ ಕೋಶದ ಗ್ರಾಹಿಗಳಿಗೆ ಅಂಟಿ ನಾಳಗಳನ್ನು ತೆರೆಸುತ್ತವೆ. ಇಷ್ಟಕ್ಕೆ ಹಿಡಿಯುವುದು ಅರ್ಧ ಮಿಲಿಸೆಕೆಂಡಿನಷ್ಟು. ನರಪ್ರೇಷಕಗಳಲ್ಲಿ ಗ್ಲುಟಮೇಟ್ ಸಾಮಾನ್ಯವಾಗಿ ಮುಂದಿನ ಕೋಶವನ್ನು ಹೊಸ್ತಿಲ ಕಡೆಗೆ ತಳ್ಳುತ್ತದೆ, ಗಾಬಾ ಎಂಬುದು ತಡೆಯುತ್ತದೆ. ಒಂದೊಂದು ನರಕೋಶಕ್ಕೆ ಇಂತಹ ಸಾವಿರಾರು ಸಿನಾಪ್ಸುಗಳಿಂದ ಪ್ರಚೋದನೆ-ತಡೆಗಳು ಬಂದು ಕೂಡುತ್ತವೆ; ಒಟ್ಟು ಮೊತ್ತ ಆಕ್ಸಾನಿನ ಆರಂಭದ ತುಣುಕಿನಲ್ಲಿ ಹೊಸ್ತಿಲನ್ನು ಮುಟ್ಟಿದರೆ ಹೊಸ ಆವೇಗ ಹೊರಡುತ್ತದೆ.

ವಿಷ, ಔಷಧ, ರೋಗ

ಈ ಯಂತ್ರದ ಒಂದೊಂದು ಕೀಲಿಗೂ ಪ್ರಕೃತಿಯಲ್ಲಿ ಒಂದೊಂದು ವಿಷವಿದೆ. ಸಂಶೋಧಕರಿಗೆ ಅವೇ ಉಪಕರಣಗಳಾದವು. ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಸೋಡಿಯಂ ನಾಳದ ಹೊರಬಾಯಿಯನ್ನು ಮುಚ್ಚುತ್ತದೆ. ಹಲ್ಲು ಕೀಳುವಾಗ ಚುಚ್ಚುವ ಲಿಡೊಕೇನ್ ಅದೇ ನಾಳವನ್ನು ಒಳಬದಿಯಿಂದ ತಡೆಯುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಝೆಪೀನ್ ಮುಚ್ಚಿಕೊಂಡ ಸ್ಥಿತಿಯಲ್ಲಿರುವ ಸೋಡಿಯಂ ನಾಳಗಳನ್ನು ಹಿಡಿದಿಟ್ಟು, ಅತಿವೇಗವಾಗಿ ಆವೇಗ ಹೊರಡಿಸುವ ಕೋಶಗಳನ್ನೇ ಹೆಚ್ಚು ಹತ್ತಿಕ್ಕುತ್ತವೆ. ಸೊಳ್ಳೆಬತ್ತಿಯಲ್ಲಿರುವ ಪೈರೆಥ್ರಾಯ್ಡ್‌ಗಳದು ವಿರುದ್ಧ ಕ್ರಮ: ಕೀಟದ ಸೋಡಿಯಂ ನಾಳಗಳು ಮುಚ್ಚದಂತೆ ಮಾಡಿ ನರಗಳು ಎಡೆಬಿಡದೆ ಉದ್ರೇಕಗೊಳ್ಳುವಂತೆ ಮಾಡುತ್ತವೆ.

ಕರ್ನಾಟಕದ ಹೊಲಗದ್ದೆಗಳಲ್ಲಿ ಸಾವಿಗೆ ಕಾರಣವಾಗುವ ಎರಡು ಬಗೆಯ ವಿಷಗಳು ನರ ಮತ್ತು ಸ್ನಾಯು ಕೂಡುವ ಸಿನಾಪ್ಸನ್ನೇ ಹಿಡಿಯುತ್ತವೆ. ನಾಗರಹಾವಿನ ವಿಷದ ಒಂದು ಘಟಕ ಸ್ನಾಯುವಿನ ಮೇಲಿನ ಅಸಿಟೈಲ್‌ಕೋಲೀನ್ ಗ್ರಾಹಿಗೆ ಅಂಟಿಕೊಂಡು ಸಂಕೇತ ತಲುಪದಂತೆ ಮಾಡುತ್ತದೆ. ಕಟ್ಟುಹಾವಿನ ವಿಷ ಅದರ ಜೊತೆಗೆ ನರದ ತುದಿಯನ್ನೇ ಹಾಳುಗೆಡವುವುದರಿಂದ ಚೇತರಿಕೆ ತಡವಾಗುತ್ತದೆ. ರೆಪ್ಪೆ ಜೋಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆದರೆ ಮಿದುಳಿಗೆ ವಿಷ ತಾಗದಿರುವುದರಿಂದ ರೋಗಿಗೆ ಎಚ್ಚರವಿರಬಹುದು. ವಿಷನಿರೋಧಕ ಚುಚ್ಚುಮದ್ದಿನೊಂದಿಗೆ ಕೃತಕ ಉಸಿರಾಟ ಸಕಾಲಕ್ಕೆ ಸಿಕ್ಕರೆ ಬದುಕಿಸಬಹುದಾದದ್ದು ಈ ಕಾರಣಕ್ಕೆ. ಆರ್ಗನೋಫಾಸ್ಫೇಟ್ ಕ್ರಿಮಿನಾಶಕಗಳು ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಒಡೆಯದ ಅಸಿಟೈಲ್‌ಕೋಲೀನ್ ಕಂಡಿಯಲ್ಲೇ ಉಳಿದು ಜೊಲ್ಲು, ಬೆವರು, ಸ್ನಾಯುಗಳ ಅದುರುವಿಕೆ, ಬಳಿಕ ನಿಶ್ಶಕ್ತಿ ಕಾಣುತ್ತವೆ. ಅದರ ಪರಿಣಾಮಗಳಲ್ಲಿ ಹಲವನ್ನು ಅಟ್ರೊಪಿನ್ ತಡೆಯುತ್ತದೆ.

ಮಯಲಿನ್ ಹಾಳಾದರೆ ಆವೇಗ ನಿಧಾನವಾಗುತ್ತದೆ ಇಲ್ಲವೇ ನಡುದಾರಿಯಲ್ಲೇ ನಿಲ್ಲುತ್ತದೆ. ಮಿದುಳು-ಬೆನ್ನುಹುರಿಗಳಲ್ಲಿ ಹಾಗಾದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಹೊರಗಿನ ನರಗಳಲ್ಲಿ ಥಟ್ಟನೆ ಆದರೆ ಗಿಲನ್-ಬಾರೆ ಎಂಬ ಕಾಯಿಲೆಗಳು ಬರುತ್ತವೆ. ಕುಷ್ಠರೋಗದ ಬ್ಯಾಕ್ಟೀರಿಯಾ ಹೊರನರಗಳ ಪೋಷಕ ಕೋಶಗಳನ್ನೇ ಹೊಕ್ಕು ಸ್ಪರ್ಶ ಮತ್ತು ನೋವಿನ ಅರಿವನ್ನು ಅಳಿಸುತ್ತದೆ. ಆಸ್ಪತ್ರೆಗಳಲ್ಲಿ ನರವಹನ ಪರೀಕ್ಷೆ ಮಾಡುವಾಗ ಹೆಲ್ಮ್‌ಹೋಲ್ಟ್ಸ್‌ನ ತರ್ಕವೇ ಇಂದಿಗೂ ನಡೆಯುತ್ತದೆ: ತೋಳಿನ ನರವನ್ನು ಎರಡು ಕಡೆ ಕೆರಳಿಸಿ ಸ್ನಾಯು ಸ್ಪಂದಿಸಿದ ಸಮಯಗಳ ವ್ಯತ್ಯಾಸದಿಂದ ವೇಗ ತೆಗೆಯುತ್ತಾರೆ. ಆರೋಗ್ಯವಂತರಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರಿಗಿಂತ ಹೆಚ್ಚು. ಅಪರೂಪಕ್ಕೆ ನಾಳದ ಜೀನಿನಲ್ಲೇ ದೋಷವಿರುತ್ತದೆ. ನೋವಿನ ತಂತುಗಳ ಒಂದು ಬಗೆಯ ಸೋಡಿಯಂ ನಾಳ ಹುಟ್ಟಿನಿಂದಲೇ ಕೆಲಸ ಮಾಡದ ಕುಟುಂಬಗಳನ್ನು ಉತ್ತರ ಪಾಕಿಸ್ತಾನದಲ್ಲಿ ಗುರುತಿಸಿ 2006ರಲ್ಲಿ ವರದಿ ಮಾಡಲಾಯಿತು. ಅವರಿಗೆ ಸ್ಪರ್ಶದಂತಹ ಸಂವೇದನೆಗಳಿದ್ದವು, ನೋವು ಮಾತ್ರ ಗೊತ್ತಿರಲಿಲ್ಲ. ಗಾಯ, ಸುಟ್ಟಕಲೆ, ಮೂಳೆಮುರಿತಗಳು ಮಾಮೂಲಾಗಿದ್ದವು.

ನರಗಳಾಚೆ

ಕ್ರಿಯಾ ವಿಭವ ನರಗಳ ಸ್ವತ್ತೇನೂ ಅಲ್ಲ. ಸ್ನಾಯು ತಂತುಗಳಲ್ಲೂ, ಇನ್ಸುಲಿನ್ ಸ್ರವಿಸುವ ಕೋಶಗಳಲ್ಲೂ ಅದು ಉಂಟು. ಹೃದಯದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಪ್ರವಾಹ ಸೇರಿಕೊಳ್ಳುವುದರಿಂದ ಒಂದೊಂದು ಕ್ರಿಯಾ ವಿಭವ ಮಿಲಿಸೆಕೆಂಡಿನ ಬದಲು 200-300 ಮಿಲಿಸೆಕೆಂಡ್ ಹಿಡಿಯುತ್ತದೆ. ಸಸ್ಯಗಳಲ್ಲಿ ನರವಿಲ್ಲದಿದ್ದರೂ ಮುಟ್ಟಿದರೆ ಮುನಿಯ ಎಲೆಗಳು ಮಡಚಿಕೊಳ್ಳುವ ಮುನ್ನ ತೊಟ್ಟಿನಲ್ಲಿ ವಿದ್ಯುತ್ ಆವೇಗವೊಂದು ಸಾಗುತ್ತದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಇದೇ ಗಿಡದ ಮೇಲೆ ವಿಸ್ತಾರವಾದ ವಿದ್ಯುತ್ ಅಳತೆಗಳನ್ನು ನಡೆಸಿ ಪ್ರಾಣಿಯ ನರಕ್ಕೆ ಹೋಲಿಕೆಗಳನ್ನು ಎತ್ತಿ ತೋರಿಸಿದ. ಆ ಹೋಲಿಕೆಯ ಕೆಲವು ಭಾಗಗಳನ್ನು ಸಮಕಾಲೀನರು ಒಪ್ಪಲಿಲ್ಲ. ಸಸ್ಯದಲ್ಲಿ ವಿದ್ಯುತ್ ಸಂಕೇತವಿದೆ ಎಂಬುದು ಮಾತ್ರ ಈಗ ವಿವಾದಾತೀತ. ಅಲ್ಲಿ ವಿಭವವನ್ನು ಏರಿಸುವುದು ಸೋಡಿಯಮ್ಮಿನ ಒಳಹರಿವಲ್ಲ, ಮುಖ್ಯವಾಗಿ ಕ್ಲೋರೈಡಿನ ಹೊರಹರಿವು. ವೇಗ ಸೆಕೆಂಡಿಗೆ ಕೆಲವು ಸೆಂಟಿಮೀಟರ್ ಮಾತ್ರ.